ಬನ್ನಿ ಎಲೆಯಷ್ಟು ಹಗುರ: ಅಷ್ಟಿಷ್ಟು ಗುರುತಿನವರಿಗೆ ಕೈಯಾರೆ ಹೆಣೆದ ಉಡುಗೊರೆ

ಮೂರು ತಿಂಗಳು ಕೂತು ಹೆಣೆದ ಒಂದು ಶಾಲಿಗೆ ಬದಲಾಗಿ ನನಗೊಂದು ರೇಷ್ಮೆ ಸೀರೆ ಸಿಕ್ಕಿತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದರಿಂದ ನಮ್ಮಿಬ್ಬರಿಗೂ ಕಸಿವಿಸಿಯಾಯಿತು.

ಶಾಲು ಕೊಟ್ಟಿದ್ದು ಬೇರೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕನಿಗೆ. ಚಹಾ ಕುಡಿಯುವಾಗ ಎರಡು ಮಾತು, ಸಿಟಿ ಬಸ್ಸಿನಲ್ಲಿ ಸಿಕ್ಕಾಗ ಒಂದು ನಗು, ಅಷ್ಟೇ ಪರಿಚಯ. ಅವರು ನಿವೃತ್ತಿಯಾಗುವಾಗ ಹುರುಪಿನಲ್ಲಿ ಶಾಲು ಹೆಣೆದು ಕೊಟ್ಟೆ. "ಅಯ್ಯ, ಇಷ್ಟೆಲ್ಲಾ ಯಾಕ ಮಾಡ್ಲಾಕ ಹೋದ್ರಿ?" ಎಂದರು. ಮುಖದಲ್ಲಿ ಖುಷಿಗಿಂತ ಗಾಬರಿಯೇ ಜಾಸ್ತಿ ಇತ್ತು. ಹದಿನೈದು ದಿನ ಬಿಟ್ಟು ನಮ್ಮ ಮನೆ ಹುಡುಕಿಕೊಂಡು ಬಂದು ಸೀರೆ ಕೊಟ್ಟು ಹೋದರು. ಅದರ ಬೆಲೆ ನನ್ನ ಉಲ್ಲನ್ನಿನ ಖರ್ಚಿನ ಮೂರು ಪಟ್ಟು. ಆಮೇಲೆ ದಾರಿಯಲ್ಲಿ ಸಿಕ್ಕರೆ ಇಬ್ಬರಿಗೂ ಸಂಕೋಚ. ಮೊದಲಿನ ಹಗುರವಾದ ನಗು ಮರಳಿ ಬರಲಿಲ್ಲ. ಇನ್ನು ಆ ಶಾಲನ್ನು ಕಲಬುರಗಿಯ ಬಿಸಿಲಿನಲ್ಲಿ ಅವರು ಹೊದ್ದುಕೊಳ್ಳುವುದಾದರೂ ಯಾವಾಗ?

ನಮ್ಮ ಕಡೆ ಆಯೇರಿ, ಅಂದರೆ ಮದುವೆ-ಮುಂಜಿಗೆ ಕೊಡುವ ಉಡುಗೊರೆ, ಅಂದರೆ ಲೆಕ್ಕ. ಯಾರ ಮದುವೆಯಲ್ಲಿ ಯಾರು ಏನು ಕೊಟ್ಟರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಸಮಯ ಬಂದಾಗ ಅಷ್ಟೇ ತೂಕದ್ದನ್ನು ತಿರುಗಿ ಮುಟ್ಟಿಸುತ್ತಾರೆ. ಬಂಧುಗಳ ನಡುವೆ ಅದು ಸರಿ. ಅಷ್ಟಿಷ್ಟು ಗುರುತಿನವರಿಗೆ ಕೊಡುವ ವಸ್ತು ಮಾತ್ರ ಆ ನೋಟ್‌ಬುಕ್ಕಿಗೆ ಏರದಷ್ಟು ಸಣ್ಣದಿರಬೇಕು. ದಸರೆಯ ಸಂಜೆ ನಾವು ಓಣಿಯವರಿಗೆಲ್ಲ ಬನ್ನಿ ಕೊಡುತ್ತೇವೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಹೆಸರು ಗೊತ್ತಿಲ್ಲದವರಿಗೂ ಕೊಡುತ್ತೇವೆ. ಆ ಎಲೆಯನ್ನು ಯಾರೂ ಬರೆದಿಡುವುದಿಲ್ಲ. ಗುರುತಿನವರಿಗೆ ಹೆಣೆಯುವಾಗ ನಾನು ಈಗ ಇಟ್ಟುಕೊಂಡಿರುವ ಅಳತೆ ಅದೇ.

ಆ ಅಳತೆಯನ್ನು ಕಡ್ಡಿ-ದಾರದ ಭಾಷೆಗೆ ತಂದರೆ ಹೀಗೆ: ಒಂದು ಉಂಡೆ, ಎರಡು ಸಂಜೆ. 50 ಗ್ರಾಂನ ಒಂದು ಉಂಡೆ ದಾರದಲ್ಲಿ ಮುಗಿಯಬೇಕು. ಎರಡು ಸಂಜೆಯಲ್ಲಿ ಕಡ್ಡಿಯಿಂದ ಇಳಿಯಬೇಕು. ಇದಕ್ಕಿಂತ ದೊಡ್ಡದು ಏನಿದ್ದರೂ ಅದು ಅಕ್ಕ-ತಂಗಿಯರಿಗೆ, ಗೆಳತಿಯರಿಗೆ ಇರಲಿ.

ಯಾರಿಗೆ ಕೊಡಬಹುದು, ಯಾರಿಗೆ ಬೇಡ

ಮೊದಲು ಒಂದು ಹಾಳೆ ತೆಗೆದುಕೊಂಡು ವಾರದಲ್ಲಿ ನಿಮಗೆ ಎದುರಾಗುವ ಮುಖಗಳನ್ನು ನೆನಪಿಸಿಕೊಳ್ಳಿ. ನಮ್ಮ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರು, ಜೋಳದ ರೊಟ್ಟಿ ಬಡಿದು ಮಾರುವ ಅಕ್ಕ, ಮಕ್ಕಳನ್ನು ಶಾಲೆಗೆ ಬಿಡುವ ಆಟೋ ಕಾಕಾ, ಔಷಧಿ ಅಂಗಡಿಯ ಹುಡುಗ, ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು. ಇವರು ನಿಮ್ಮ ಬದುಕಿನಲ್ಲಿ ಇದ್ದಾರೆ, ಆದರೆ ಒಳಗಿನವರಲ್ಲ. ಇಂಥವರಿಗಾಗಿಯೇ ಈ ಬರಹ.

ಕೆಲವರಿಗೆ ಕೊಡದಿರುವುದೇ ವಾಸಿ. ನಿಮ್ಮ ಫೈಲು ಯಾರ ಟೇಬಲ್ಲಿನ ಮೇಲಿದೆಯೋ ಅವರಿಗೆ ಬೇಡ. ನೀವು ಎಷ್ಟೇ ಶುದ್ಧ ಮನಸ್ಸಿನಿಂದ ಕೊಟ್ಟರೂ ಪಕ್ಕದ ಟೇಬಲ್ಲಿನವರು ಬೇರೆಯೇ ಓದುತ್ತಾರೆ. ಮಗುವಿನ ಪರೀಕ್ಷೆ ಹತ್ತಿರ ಇರುವಾಗ ಟೀಚರಿಗೆ ಬೇಡ, ರಿಸಲ್ಟ್ ಬಂದ ಮೇಲೆ ಕೊಡಿ. ಮನೆಕೆಲಸಕ್ಕೆ ಬರುವ ಅಕ್ಕನಿಗೆ ಖಂಡಿತ ಕೊಡಿ, ಆದರೆ ದೀಪಾವಳಿಯ ಇನಾಮಿನ ಬದಲಿಗೆ ಅಲ್ಲ. ಹಣ ಕೊಡಬೇಕಾದ ಕಡೆ ಹಣವನ್ನೇ ಕೊಡಬೇಕು. ಹೆಣಿಗೆ ಅದರ ಮೇಲಿನದು.

ಬಿಸಿಲ ನಾಡಿಗೆ ಯಾವ ದಾರ?

ಹೆಣಿಗೆ ಅಂದ ಕೂಡಲೇ ನಮಗೆ ಸ್ವೆಟರು, ಮಫ್ಲರು ನೆನಪಾಗುತ್ತವೆ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್-ಮೇ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ಇಲ್ಲಿ ಸ್ವೆಟರು ಹಾಕುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಬೀದರ್ ಸ್ವಲ್ಪ ಎತ್ತರದಲ್ಲಿದೆ. ಅಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಚಳಿ ನಿಜಕ್ಕೂ ಚಳಿಯೇ. ಆದರೂ ವರ್ಷದ ಉಳಿದ ಹತ್ತು ತಿಂಗಳಿಗೆ ನಮ್ಮ ಕಡೆ ಸಲ್ಲುವುದು ಹತ್ತಿ ದಾರ.

ಅಂಗಡಿಯಲ್ಲಿ "ಉಲ್ಲನ್ ಕೊಡ್ರಿ" ಅಂದರೆ ಸಾಮಾನ್ಯವಾಗಿ ಸಿಗುವುದು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಬಣ್ಣಬಣ್ಣದ್ದು, ಅಗ್ಗ, ಮೆತ್ತಗೆ. ಬಾಗಿಲ ತೋರಣಕ್ಕೆ, ಟೋಪಿಗೆ ಒಳ್ಳೆಯದು. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಬಿಸಿ ತಾಗಿದರೆ ಅದು ಕರಗುತ್ತದೆ, ಕರಗಿದ್ದು ಕೈಗೆ ಅಂಟುತ್ತದೆ. ಲೇಬಲ್ ಹರಿದ ಹಳೆ ಉಂಡೆ ಮನೆಯಲ್ಲಿದ್ದು, ಏನೆಂದು ಗೊತ್ತಾಗದಿದ್ದರೆ ಹೀಗೆ ನೋಡಿ. ಬೆರಳುದ್ದ ದಾರವನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲಿನಲ್ಲಿ ನಿಂತು ಬೆಂಕಿಕಡ್ಡಿ ಗೀರಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಆದರೆ ಸುರುಟಿಕೊಂಡು, ಕಪ್ಪು ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ವಾಸನೆಯೂ ಕೆಟ್ಟದಾಗಿರುತ್ತದೆ.

ಕುರುಬರ ಕಂಬಳಿಯ ಉಣ್ಣೆಯಲ್ಲಿ ಏನಾದರೂ ಹೆಣೆಯಬಹುದೇ ಎಂದು ಒಬ್ಬರು ಕೇಳಿದ್ದರು. ಡೆಕ್ಕನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಆ ಒರಟುತನವೇ ಬಲ. ಮೈಗೆ ತಾಗುವ ಸಣ್ಣ ವಸ್ತುವಿಗೆ ಅದು ಚುಚ್ಚುತ್ತದೆ.

ಇಲ್ಲಿ ದಾರಕ್ಕೆ ದೊಡ್ಡ ಅಂಗಡಿಯನ್ನೇ ಹುಡುಕಬೇಕಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಪೇಟೆಗಳ ಕಡೆ ಲೇಸು, ಫಾಲ್, ಗುಂಡಿ ಮಾರುವ ಮ್ಯಾಚಿಂಗ್ ಸೆಂಟರ್‌ಗಳಲ್ಲಿ ಕೇಳಿ. ಹೊರಗೆ ಕಾಣದಿದ್ದರೂ ಒಳಗಿನ ಡಬ್ಬಿಯಿಂದ ತೆಗೆದುಕೊಡುವವರು ಇರುತ್ತಾರೆ. ಬೀದರಿನವರು ಚೌಬಾರಾ ಗೋಪುರದ ಸುತ್ತಿನ ಹಳೆ ಪೇಟೆಯಲ್ಲಿ ಒಂದು ರೌಂಡು ಹಾಕಿ. ಹೈದರಾಬಾದಿಗೆ ಹೋಗುವವರು ಮನೆಯಲ್ಲಿದ್ದರೆ ಚೀಟಿ ಬರೆದುಕೊಡಿ, ಅಲ್ಲಿ ಬಣ್ಣ ಜಾಸ್ತಿ ಸಿಗುತ್ತವೆ. ಆಂಕರ್ ಕಂಪನಿಯ ಹತ್ತಿ ದಾರ ಹಲವು ಕಡೆ ಸಿಗುತ್ತದೆ. ಅದರಲ್ಲಿ ಕ್ರೋಶಾದ ತೆಳು ದಾರ ಬೇರೆ, ಹೆಣಿಗೆಯ ದಪ್ಪ ದಾರ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಒಂದೇ ಬಣ್ಣದ ಎರಡು ಉಂಡೆ ಕೊಳ್ಳುವುದಾದರೆ ಲೇಬಲ್ಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬೇರೆ ಲಾಟಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಬಣ್ಣ ಮನೆಯ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ.

ಕಡ್ಡಿಯ ನಂಬರಿನಲ್ಲಿ ಹೊಸಬರು ತಪ್ಪುತ್ತಾರೆ. ನಮ್ಮಲ್ಲಿ ಇನ್ನೂ ಹಳೆಯ ಬ್ರಿಟಿಷ್ ಲೆಕ್ಕವೇ ಓಡುತ್ತಿದೆ. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳು. 8 ನಂಬರ್ ಅಂದರೆ 4 ಎಂಎಂ, 10 ನಂಬರ್ ಅಂದರೆ 3.25 ಎಂಎಂ, 12 ನಂಬರ್ ಅಂದರೆ 2.75 ಎಂಎಂ. ಕೆಳಗೆ ಹೇಳುವ ಹೆಚ್ಚಿನ ಕೆಲಸಕ್ಕೆ 8 ನಂಬರಿನ ಒಂದು ಜೊತೆ ಸಾಕು. ಬೇಸಿಗೆಯಲ್ಲಿ ಕೈ ಬೆವರಿ ದಾರ ಮೈಲಿಗೆಯಾಗುತ್ತದೆ, ಲೋಹದ ಕಡ್ಡಿಯೂ ಜಾರುತ್ತದೆ. ಬಿದಿರಿನ ಕಡ್ಡಿ ಸಿಕ್ಕರೆ ಒಳ್ಳೆಯದು. ನಾನಂತೂ ಮೇ ತಿಂಗಳಲ್ಲಿ ಬೆಳಿಗ್ಗೆ ಆರರಿಂದ ಏಳೂವರೆ, ಅಷ್ಟೇ. ಆಮೇಲೆ ದಾರ ಮುಟ್ಟುವುದಿಲ್ಲ.

ಕೆಂಪು, ಕಡುನೀಲಿ ಹತ್ತಿ ಬಣ್ಣ ಬಿಡಬಹುದು. ಒಂದು ತುಂಡು ದಾರವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಉಂಡೆಯನ್ನು ಬಿಳಿಯ ಜೊತೆ ಸೇರಿಸಬೇಡಿ. ಉಪ್ಪುನೀರಲ್ಲಿ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ಅಂಗಡಿಯ ರೆಡಿ ದಾರದ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ.

ಮೊದಲ ಉಡುಗೊರೆ: ಮಸಿ ಅರಿವಿ

ಬಿಸಿ ಪಾತ್ರೆ ಇಳಿಸಲು ಹಿಡಿಯುವ ಬಟ್ಟೆಗೆ ನಮ್ಮ ಕಡೆ ಮಸಿ ಅರಿವಿ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಹಳೆ ಸೀರೆಯ ತುಂಡು. ಹೊಸ ಮಸಿ ಅರಿವಿ ಯಾರೂ ಕೊಳ್ಳುವುದಿಲ್ಲ. ಹಾಗಾಗಿಯೇ ಅದು ಒಳ್ಳೆಯ ಉಡುಗೊರೆ. ಅಳತೆ ಕೇಳಬೇಕಿಲ್ಲ, ರುಚಿ-ಅಭಿರುಚಿಯ ಪ್ರಶ್ನೆಯಿಲ್ಲ, ಎಲ್ಲರ ಮನೆಯಲ್ಲೂ ಒಲೆ ಇದ್ದೇ ಇದೆ.

ಕಡ್ಡಿಗೆ ಕುಣಿಕೆ ಏರಿಸುವುದು, ಸೀದಾ (ನಿಟ್), ಉಲ್ಟಾ (ಪರ್ಲ್), ಕೊನೆಗೆ ಮುಚ್ಚುವುದು, ಈ ನಾಲ್ಕು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಓಣಿಯಲ್ಲಿ ಬಲ್ಲವರ ಹತ್ತಿರ ಒಂದು ಮಧ್ಯಾಹ್ನ ಕೂತರೆ ಬರುತ್ತದೆ. ವಿಡಿಯೋ ನೋಡಿ ಕಲಿಯುವುದಕ್ಕಿಂತ ಇದು ಬೇಗ. ತಪ್ಪಿದ ಕೂಡಲೇ ಕೈ ಹಿಡಿದು ತಿದ್ದುತ್ತಾರೆ.

8 ನಂಬರ್ ಕಡ್ಡಿಗೆ ಹತ್ತಿ ದಾರದಲ್ಲಿ 30 ಕುಣಿಕೆ ಏರಿಸಿ. ಎಲ್ಲಾ ಸಾಲೂ ಸೀದಾ ಹೆಣೆಯಿರಿ. ಆ ಕಡೆಯೂ ಸೀದಾ, ಈ ಕಡೆಯೂ ಸೀದಾ. ಎರಡು ಸಾಲಿಗೆ ಒಂದರಂತೆ ಅಡ್ಡ ದಿಂಡು ಏಳುತ್ತದೆ. ಈ ಹೆಣಿಗೆಯಲ್ಲಿ ಒಂದು ಅನುಕೂಲವಿದೆ. ಎಷ್ಟು ಕುಣಿಕೆಯೋ ಅಷ್ಟು ದಿಂಡು ಬಂದಾಗ ತುಂಡು ಚೌಕವಾಗಿರುತ್ತದೆ. ನಮಗೆ ಬೇಕಾದದ್ದು ಎರಡು ಚೌಕದ ಉದ್ದ. ಹಾಗಾಗಿ 60 ದಿಂಡು, ಅಂದರೆ 120 ಸಾಲು. ಸಾಲು ಎಣಿಸುತ್ತಾ ಕೂರಬೇಡಿ, ದಿಂಡು ಎಣಿಸಿ. ಮುಚ್ಚಿದ ಮೇಲೆ ಅರ್ಧಕ್ಕೆ ಮಡಿಚಿ ಮೂರು ಬದಿ ಹೊಲಿಯಿರಿ. ಸುಮಾರು 15 ಸೆಂಟಿಮೀಟರಿನ, ಎರಡು ಪದರದ ಚೌಕ ಸಿಗುತ್ತದೆ. ಒಂದು ಮೂಲೆಯಲ್ಲಿ ಮೊಳೆಗೆ ತೂಗುಹಾಕಲು ಸಣ್ಣ ಕುಣಿಕೆ ಇಡಿ.

ಎರಡು ಪದರ ಯಾಕೆ? ಒಂದೇ ಪದರವಾದರೆ ಕುಣಿಕೆಗಳ ನಡುವಿನ ಸಂದಿಯಿಂದ ಬಿಸಿ ಬರುತ್ತದೆ. ರೊಟ್ಟಿಯ ಹಂಚು ಹಿಡಿಯುವವರ ಕೈಗೆ ಅದು ಸಾಲದು. ಕೊಡುವಾಗ ಒಂದು ಮಾತು ಹೇಳಿ: ಹಸಿಯಾಗಿದ್ದಾಗ ಬಿಸಿ ಪಾತ್ರೆ ಹಿಡಿಯಬೇಡಿ ಎಂದು. ಒದ್ದೆ ಬಟ್ಟೆ ಬಿಸಿಯನ್ನು ಬೇಗ ಕೈಗೆ ದಾಟಿಸುತ್ತದೆ.

ಒರೆಸುವ ಬಟ್ಟೆ ಬೇಕಾದರೆ ಮೂಲೆಯಿಂದ ಶುರುವಾಗುವ ಇನ್ನೊಂದು ರೀತಿಯಿದೆ. ಹಳೆಯದು, ಎಲ್ಲಾ ಕಡೆ ಚಾಲ್ತಿಯಲ್ಲಿರುವುದು. 4 ಕುಣಿಕೆ ಏರಿಸಿ ಒಂದು ಸಾಲು ಸೀದಾ ಹೆಣೆಯಿರಿ. ಮುಂದಿನ ಪ್ರತಿ ಸಾಲಿನಲ್ಲೂ 2 ಸೀದಾ, ಆಮೇಲೆ ದಾರವನ್ನು ಕಡ್ಡಿಗೆ ಒಂದು ಸುತ್ತು ಹಾಕಿ, ಉಳಿದದ್ದೆಲ್ಲ ಸೀದಾ. ಹೀಗೆ ಸಾಲಿಗೆ ಒಂದು ಕುಣಿಕೆ ಹೆಚ್ಚುತ್ತದೆ, ಅಂಚಿನಲ್ಲಿ ಸಣ್ಣ ತೂತಿನ ಸಾಲು ಮೂಡುತ್ತದೆ. 44 ಕುಣಿಕೆಯಾದಾಗ ಇಳಿಸಲು ಶುರು ಮಾಡಿ: 1 ಸೀದಾ, 2 ಸೇರಿಸಿ ಒಂದು (ಎರಡು ಕುಣಿಕೆಯನ್ನು ಒಟ್ಟಿಗೆ ಸೀದಾ ಹೆಣೆದು ಒಂದಾಗಿಸುವುದು), ದಾರದ ಸುತ್ತು, ಮತ್ತೆ 2 ಸೇರಿಸಿ ಒಂದು, ಉಳಿದದ್ದು ಸೀದಾ. 4 ಕುಣಿಕೆ ಉಳಿದಾಗ ಮುಚ್ಚಿ. ಇದರ ಚಂದ ಏನೆಂದರೆ ಅಳತೆಯ ಹಂಗಿಲ್ಲ. ಉಂಡೆಯ ಅರ್ಧ ಖರ್ಚಾಗುತ್ತಾ ಬಂತು ಅನ್ನಿಸಿದರೆ 40ಕ್ಕೇ ಇಳಿಸಲು ತೊಡಗಿ. ಮಾತಾಡುತ್ತಾ ಹೆಣೆಯಬಹುದು. ಧಾರಾವಾಹಿ ನೋಡುತ್ತಾ ಕೂಡ.

ಎರಡನೆಯದು: ನೀರಿನ ಬಾಟಲಿಯ ಅಂಗಿ

ಆಟೋ ಕಾಕಾಗೆ, ಬಿಸಿಲಲ್ಲಿ ನಿಲ್ಲುವ ವಾಚ್‌ಮನ್‌ಗೆ, ಹೊಲಕ್ಕೆ ಹೋಗುವವರಿಗೆ ನನ್ನ ಪ್ರಕಾರ ಇದಕ್ಕಿಂತ ಉಪಯೋಗದ ವಸ್ತು ಇಲ್ಲ. ಹತ್ತಿಯ ಅಂಗಿ ತೊಡಿಸಿದ ಬಾಟಲಿಯನ್ನು ನೀರಲ್ಲಿ ಅದ್ದಿ ಗಾಳಿಗೆ ತೂಗುಹಾಕಿದರೆ, ಅಂಗಿಯ ನೀರು ಆರುತ್ತಾ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ನಮ್ಮ ಕಡೆಯ ಒಣ ಬಿಸಿಲಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ಹಸಿ ಇರುವಾಗ ಅಷ್ಟಕ್ಕಷ್ಟೇ. ಒಂದೇ ಪದರದ ಸ್ಟೀಲ್ ಬಾಟಲಿಗೆ ಇದು ಹೇಳಿ ಮಾಡಿಸಿದ್ದು. ಥರ್ಮಾಸ್ ಥರದ ಎರಡು ಗೋಡೆಯ ಬಾಟಲಿಗೆ ಅಂಗಿ ಬರೀ ಅಲಂಕಾರ.

ಮೊದಲು ನಿಮ್ಮ ಮನೆಯ ಒಂದು ಲೀಟರ್ ಬಾಟಲಿಗೆ ದಾರ ಸುತ್ತಿ ಅಳೆಯಿರಿ. ಹೆಚ್ಚಾಗಿ 23-24 ಸೆಂಟಿಮೀಟರ್ ಬರುತ್ತದೆ. 8 ನಂಬರ್ ಕಡ್ಡಿಗೆ 44 ಕುಣಿಕೆಯನ್ನು ಸಡಿಲವಾಗಿ ಏರಿಸಿ. ಬಿಗಿಯಾಗಿ ಏರಿಸಿದರೆ ಬಾಯಿ ಹಿಗ್ಗದೆ ಬಾಟಲಿ ಒಳಗೆ ಹೋಗುವುದಿಲ್ಲ. 2 ಸೀದಾ, 2 ಉಲ್ಟಾ, ಇದೇ ಕ್ರಮ ಪ್ರತಿ ಸಾಲಿಗೂ. 44 ನಾಲ್ಕರ ಮಗ್ಗಿಯಲ್ಲಿ ಬರುವುದರಿಂದ ತಿರುಗಿದಾಗ ಎಲ್ಲಾ ತಾನಾಗಿ ಸರಿಹೊಂದುತ್ತದೆ. ಈ ಪಟ್ಟಿಪಟ್ಟಿ ಹೆಣಿಗೆ ಹಿಗ್ಗುತ್ತದೆ, ಹಾಗಾಗಿ ಬಾಟಲಿ ಸ್ವಲ್ಪ ದಪ್ಪ-ಸಣ್ಣ ಇದ್ದರೂ ಹೊಂದಿಕೊಳ್ಳುತ್ತದೆ. ಬೇರೆಯವರ ಬಾಟಲಿಯ ಅಳತೆ ಕೇಳಲು ಹೋದರೆ ಗುಟ್ಟು ಬಯಲಾಗುತ್ತದೆ ನೋಡಿ.

18 ಸೆಂಟಿಮೀಟರ್ ಉದ್ದವಾದ ಮೇಲೆ ತಳ. ಒಂದು ಸಾಲು ಪೂರ್ತಿ 2 ಸೇರಿಸಿ ಒಂದು ಮಾಡಿ, 22 ಉಳಿಯುತ್ತವೆ. ಮುಂದಿನ ಸಾಲು ಉಲ್ಟಾ. ಮತ್ತೆ ಒಂದು ಸಾಲು 2 ಸೇರಿಸಿ ಒಂದು, ಈಗ 11. ಎರಡು ಗೇಣಿನಷ್ಟು ದಾರ ಬಿಟ್ಟು ಕತ್ತರಿಸಿ. ದಪ್ಪ ಸೂಜಿಗೆ ಪೋಣಿಸಿ 11 ಕುಣಿಕೆಯೊಳಗೂ ದಾಟಿಸಿ ಸಂಚಿಯ ಬಾಯಿಯಂತೆ ಎಳೆದು ಬಿಗಿಯಿರಿ. ಅದೇ ದಾರದಲ್ಲಿ ಬದಿ ಹೊಲಿಯುತ್ತಾ ಮೇಲೆ ಬನ್ನಿ.

ಹಿಡಿಯಲು ಪಟ್ಟಿ ಬೇಕಲ್ಲ? ಇಲ್ಲಿ ನಾನು ಒಮ್ಮೆ ಕೆಟ್ಟೆ. ಹೆಣೆದ ಪಟ್ಟಿ ಹಾಕಿದ್ದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ವಾರದಲ್ಲಿ ಪಟ್ಟಿ ಜೋತು ಮೊಣಕಾಲಿಗೆ ಬಂದಿತ್ತು. ಹೆಣಿಗೆ ಹಿಗ್ಗುವ ಗುಣದ್ದು, ಭಾರ ಹೊರುವುದು ಅದರ ಕೆಲಸವಲ್ಲ. ಈಗ ಒಂಬತ್ತು ಎಳೆ ದಾರ ತೆಗೆದುಕೊಂಡು, ಮೂರು ಮೂರು ಸೇರಿಸಿ ಜಡೆ ಹೆಣೆಯುತ್ತೇನೆ. ಜಡೆ ಅಷ್ಟಾಗಿ ಜೋಲುವುದಿಲ್ಲ. ಅದನ್ನು ಬಾಯಿಗೆ ಮಾತ್ರ ಹೊಲಿಯದೆ ಎರಡೂ ಬದಿಯಲ್ಲಿ ತಳದವರೆಗೆ ಇಳಿಸಿ ಹೊಲಿದರೆ ಭಾರ ಜಡೆಯ ಮೇಲೆ ಬೀಳುತ್ತದೆ.

ಇನ್ನೆರಡು, ಚುಟುಕಾಗಿ

ಓದುವವರಿಗೆ ಪುಸ್ತಕದ ಗುರುತುಪಟ್ಟಿ. 12 ನಂಬರ್ ಕಡ್ಡಿ, ತೆಳು ದಾರ, 9 ಕುಣಿಕೆ. 1 ಸೀದಾ 1 ಉಲ್ಟಾ ಮಾಡುತ್ತಾ ಪ್ರತಿ ಸಾಲನ್ನೂ ಸೀದಾದಿಂದಲೇ ಶುರು ಮಾಡಿ. ಕುಣಿಕೆ ಬೆಸ ಸಂಖ್ಯೆಯಲ್ಲಿರುವುದರಿಂದ ಜೋಳದ ಕಾಳು ಚೆಲ್ಲಿದಂತೆ ಕಾಣುವ ಹೆಣಿಗೆ ಬರುತ್ತದೆ, ಅಂಚೂ ಸುರುಳಿ ಸುತ್ತುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡಿದರೆ ನುಣುಪಾಗಿರುತ್ತದೆ, ಆದರೆ ಪುಸ್ತಕದೊಳಗೆ ಬತ್ತಿಯಂತೆ ಸುತ್ತಿಕೊಂಡು ಕೂರುತ್ತದೆ. ಒಂದು ಗೇಣು ಉದ್ದ ಸಾಕು. ಒಂದೇ ಸಂಜೆಯ ಕೆಲಸ.

ಇನ್ನು ಕುಲಾವಿ, ಅಂದರೆ ಕೂಸಿನ ಟೋಪಿ. ತೊಟ್ಟಿಲ ಕಾರ್ಯಕ್ಕೆ ಕರೆದಿದ್ದರೆ ಮಾತ್ರ. ಮಗು ಹುಟ್ಟುವ ಮೊದಲೇ ಮನೆಗೆ ಅದರ ಬಟ್ಟೆ ತರುವುದು ಎಷ್ಟೋ ಮನೆಯ ಹಿರಿಯರಿಗೆ ಇಷ್ಟವಾಗುವುದಿಲ್ಲ. ಕಪ್ಪು ಬಣ್ಣವೂ ಬೇಡ. ನಮ್ಮ ಅಜ್ಜಿಯಂದಿರು ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ದಾರ, ತುದಿಗೆ ಗೊಂಡೆ, ಮಣಿ ಎಲ್ಲಾ ಹಾಕುತ್ತಿದ್ದರು. ಚಂದವೇನೋ ಹೌದು. ಆದರೆ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಮಣಿ ಬಾಯಿಗೆ ಹೋಗಬಹುದು. ಪಟ್ಟಿಪಟ್ಟಿ ಹೆಣಿಗೆಯ ಸಾದಾ ಟೋಪಿ ಸಾಕು, ಅದು ತಲೆಗೆ ತಾನೇ ಹಿಡಿದು ಕೂರುತ್ತದೆ. ಮಲಗಿಸುವಾಗ ತೆಗೆಯಿರಿ ಎಂದು ತಾಯಿಗೆ ಹೇಳಿ. ಮಕ್ಕಳ ಮೈ ಬಿಸಿ ತಲೆಯಿಂದಲೂ ಹೊರಗೆ ಹೋಗಬೇಕು, ಅದರಲ್ಲೂ ನಮ್ಮ ಊರಲ್ಲಿ.

ಮುಗಿಸುವ ಕೆಲಸ

ಇದರಲ್ಲೇ ಬಹಳ ಜನ ಸೋಲುತ್ತಾರೆ. ಕೊನೆಯ ಕುಣಿಕೆ ಮುಚ್ಚಿದ ಖುಷಿಯಲ್ಲಿ ದಾರವನ್ನು ಗಂಟು ಹಾಕಿ ಕತ್ತರಿಸಿಬಿಡುತ್ತಾರೆ. ಎರಡು ಒಗೆತಕ್ಕೆ ಗಂಟು ಬಿಚ್ಚುತ್ತದೆ. ತುದಿಯನ್ನು ಒಂದು ಗೇಣು ಬಿಟ್ಟು, ಸೂಜಿಗೆ ಪೋಣಿಸಿ, ಹಿಂಬದಿಯಲ್ಲಿ ಒಂದು ದಿಕ್ಕಿಗೆ ನಾಲ್ಕು ಬೆರಳು ಒಳಸೇರಿಸಿ. ಆಮೇಲೆ ತಿರುಗಿ ಉಲ್ಟಾ ದಿಕ್ಕಿಗೂ ಅಷ್ಟೇ. ಹತ್ತಿ ಜಾರುವ ದಾರ, ಒಂದೇ ದಿಕ್ಕಿಗೆ ಸೇರಿಸಿದರೆ ಹೊರಗೆ ಇಣುಕುತ್ತದೆ.

ನಂತರ ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಅಂಚು ನೇರ ಮಾಡಿ ಒಣಗಿಸಿ. ಮಾಳಿಗೆಯ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಬಣ್ಣವೂ ಅಷ್ಟೇ ಬೇಗ ಮಾಸುತ್ತದೆ. ಸೊಟ್ಟ ಇದ್ದದ್ದು ಈ ಒಂದು ಕೆಲಸದಿಂದ ಮುಕ್ಕಾಲು ಪಾಲು ಸರಿಯಾಗುತ್ತದೆ. ನಡುವೆ ಎಲ್ಲೋ ಒಂದು ಕುಣಿಕೆ ತಪ್ಪಿದ್ದರೆ ಬಿಟ್ಟುಬಿಡಿ. ಬಿಚ್ಚುವಷ್ಟು ದೊಡ್ಡ ತಪ್ಪು ಅಂದರೆ ತೂತು ಬಿದ್ದು ಎಳೆ ಇಳಿಯುತ್ತಿರುವುದು ಮಾತ್ರ.

ಕೊಡುವ ಹೊತ್ತು, ಕೊಡುವ ಮಾತು

ಹೊಳೆಯುವ ಕಾಗದ, ರಿಬ್ಬನ್ ಬೇಡ. ಪ್ಯಾಕ್ ಮಾಡಿದ ಕೂಡಲೇ ಅದು ಆಯೇರಿಯಾಗುತ್ತದೆ. ನಾನು ಕೈಯಲ್ಲಿ ಮಡಿಚಿ ಹಿಡಿದು ಕೊಡುತ್ತೇನೆ. ಮಾತೂ ಅಷ್ಟೇ ಸಣ್ಣದು: "ತಗೊಳ್ರಿ, ಉಂಡಿಯೊಳಗ ಸ್ವಲ್ಪ ದಾರ ಉಳದಿತ್ತು, ಸುಮ್ನ ಹೆಣದೀನಿ." ಇದು ಪೂರ್ತಿ ನಿಜವಲ್ಲ, ಗೊತ್ತು. ಆದರೆ ಈ ಸಣ್ಣ ಸುಳ್ಳಿನಿಂದ ಎದುರಿನವರ ಭುಜದ ಭಾರ ಇಳಿಯುತ್ತದೆ. ಎಷ್ಟು ಗಂಟೆ ಹಿಡಿಯಿತು, ದಾರ ಎಲ್ಲಿಂದ ತರಿಸಿದ್ದು ಎಂಬ ಪುರಾಣ ಬೇಡವೇ ಬೇಡ. ಹುಟ್ಟುಹಬ್ಬ, ವಾರ್ಷಿಕೋತ್ಸವವನ್ನೂ ಬಿಟ್ಟುಬಿಡಿ. ಆ ದಿನ ನೆನಪಿಟ್ಟು ಕೊಟ್ಟರೆ, ನಿಮ್ಮ ದಿನವನ್ನು ಅವರೂ ನೆನಪಿಡಬೇಕಾಗುತ್ತದೆ.

ಹೊತ್ತು ಹುಡುಕಬೇಕಿಲ್ಲ, ನಮ್ಮ ವರ್ಷದಲ್ಲೇ ಇದೆ. ಎಳ್ಳ ಅಮಾವಾಸ್ಯೆಗೆ ಯಾರೋ ಗುರುತಿನವರು ಹೊಲಕ್ಕೆ ಊಟಕ್ಕೆ ಕರೆಯುತ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಟ್ಟೆ ತುಂಬಾ ಉಂಡು ಬರುತ್ತೇವೆ. ಆ ಮನೆಯ ಅವ್ವನ ಕೈಗೆ ಒಂದು ಮಸಿ ಅರಿವಿ ಕೊಟ್ಟರೆ ಸೊಗಸು. ಈದ್ ದಿನ ಪಕ್ಕದ ಮನೆಯಿಂದ ಶೀರ್ ಖುರ್ಮಾದ ಡಬ್ಬಿ ಬರುತ್ತದೆ. ಡಬ್ಬಿ ಖಾಲಿ ತಿರುಗಿಸಬಾರದು ಎಂದು ಸಕ್ಕರೆ ಹಾಕಿ ಕೊಡುತ್ತಿದ್ದೆವು. ಈಗ ಸಕ್ಕರೆಯ ಮೇಲೆ ಒರೆಸುವ ಬಟ್ಟೆಯೊಂದನ್ನು ಮಡಿಚಿ ಇಡುತ್ತೇನೆ. ಬಾಟಲಿಯ ಅಂಗಿಗೆ ಹೋಳಿ ಮುಗಿದ ದಿನಗಳು ಸರಿ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಬಿಸಿಲು ಏರುತ್ತಾ ಇರುತ್ತದೆ, ಕೊಟ್ಟ ದಿನದಿಂದಲೇ ಬಳಕೆಗೆ ಬರುತ್ತದೆ.

ಗುರುತಿನವರಿಗೆಲ್ಲ ಒಂದೇ ಸಲ ಕೊಡಲು ಹೊರಡಬೇಡಿ. ವಾಕಿಂಗ್ ಗುಂಪಿನ ಆರು ಜನರಲ್ಲಿ ಇಬ್ಬರಿಗೆ ಮಾತ್ರ ಕೊಟ್ಟರೆ ಉಳಿದ ನಾಲ್ವರು ಲೆಕ್ಕ ಹಾಕುತ್ತಾರೆ. ಗುಂಪಾದರೆ ಆರೂ ಮುಗಿಯುವವರೆಗೆ ಕಾಯಿರಿ, ಇಲ್ಲವೇ ಒಬ್ಬರು ಒಂಟಿಯಾಗಿ ಸಿಕ್ಕಾಗ ಕೊಡಿ. ತಿಂಗಳಿಗೆ ಎರಡರಂತೆ ಹೆಣೆದು ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ಕೊಡಬೇಕು ಅನ್ನಿಸಿದ ದಿನ ಕೈಗೆ ಸಿಗುತ್ತದೆ. ನನ್ನ ಡಬ್ಬಿ ಹಳೆಯ ಬಿಸ್ಕತ್ತಿನದು. ನುಸಿ ಬರದಂತೆ ಬೇವಿನ ಒಣ ಎಲೆ ಹಾಕಿದ್ದೇನೆ.

ಕೊಟ್ಟ ಮೇಲೆ ಮರೆತುಬಿಡಿ. ಬಳಸಿದರೇ, ಇಷ್ಟವಾಯಿತೇ ಎಂದು ಕೇಳಬೇಡಿ. ಅವರು ಬೇರೆ ಯಾರಿಗೋ ಕೊಟ್ಟರೂ ಬೇಸರ ಬೇಡ. ಆಟೋ ಕಾಕಾ ನಾನು ಕೊಟ್ಟ ಬಾಟಲಿ ಅಂಗಿಯಲ್ಲಿ ಬಾಟಲಿ ಇಡುವುದೇ ಇಲ್ಲ. ಹ್ಯಾಂಡಲ್ಲಿಗೆ ಕಟ್ಟಿಕೊಂಡು ಚಿಲ್ಲರೆ ಹಾಕುತ್ತಾರೆ.

ರೊಟ್ಟಿ ಮಾರುವ ಅಕ್ಕನದು ಇನ್ನೊಂದು ಕಥೆ. ಹಸಿರು ಮಸಿ ಅರಿವಿ ಕೊಟ್ಟು ತಿಂಗಳಾದ ಮೇಲೆ ಹೋದರೆ, ಅದು ಗೋಡೆಯ ಮೇಲೆ ದೇವರ ಫೋಟೋದ ಪಕ್ಕ ತೂಗುತ್ತಿತ್ತು. ಅಕ್ಕ ಮಾತ್ರ ಹರಕು ಸೀರೆಯ ತುಂಡಿನಲ್ಲೇ ಹಂಚು ಹಿಡಿಯುತ್ತಿದ್ದರು. "ಇಷ್ಟ್ ಚಂದ ಐತಿ, ಮಸಿ ಹತ್ತಿಸ್ಲಾಕ ಮನಸ್ ಬರಂಗಿಲ್ರಿ" ಎಂದರು. ಅಂದಿನಿಂದ ಮಸಿ ಅರಿವಿಯನ್ನು ಜೋಡಿಯಾಗಿ ಕೊಡುತ್ತೇನೆ. ಎರಡನೆಯದನ್ನು ಉಳಿದ ತುಂಡು ದಾರಗಳಲ್ಲಿ, ಬಣ್ಣ ಹೊಂದಿದರೂ ಸರಿ ಹೊಂದದಿದ್ದರೂ ಸರಿ ಎಂಬಂತೆ ಹೆಣೆಯುತ್ತೇನೆ. ಕಳೆದ ವಾರ ರೊಟ್ಟಿ ತರಲು ಹೋದಾಗ ಆ ಎರಡನೆಯದು ಅಕ್ಕನ ಕೈಯಲ್ಲಿತ್ತು. ಒಂದು ಮೂಲೆ ಸುಟ್ಟು ಕಪ್ಪಾಗಿತ್ತು.